ಇಂಧನ ಉರಿದಾಗ ಗಾಳಿ ಕೆಡುವುದು ಹೇಗೆ?

ಈ ಪಾಠದ ಅನಿಲಗಳ ಹೆಸರನ್ನು ಬರೀ ಉರುಹೊಡೆದರೆ ಎರಡೇ ದಿನದಲ್ಲಿ ಒಂದರೊಳಗೊಂದು ಕಲಸಿಹೋಗುತ್ತವೆ. ಅದಕ್ಕೇ ನಾನು ಪ್ರತಿಯೊಂದು ಮಾಲಿನ್ಯಕಾರಕದ ಮುಂದೆಯೂ ಒಂದೇ ಪ್ರಶ್ನೆ ಇಡುತ್ತೇನೆ: ಇದು ಬಂದದ್ದು ಎಲ್ಲಿಂದ? ಅರೆಬರೆ ಉರಿದದ್ದರಿಂದಲೋ, ಇಂಧನದೊಳಗಿದ್ದ ಕಲ್ಮಶದಿಂದಲೋ, ಸುತ್ತಲಿನ ಗಾಳಿಯಿಂದಲೋ?

ಮೊದಲು ಅರೆಬರೆ ಉರಿಯುವುದನ್ನು ನೋಡೋಣ. ಪೆಟ್ರೋಲ್, ಡೀಸೆಲ್, ನೈಸರ್ಗಿಕ ಅನಿಲ ಇವೆಲ್ಲ ಮುಖ್ಯವಾಗಿ ಹೈಡ್ರೋಕಾರ್ಬನ್‌ಗಳು, ಎಂದರೆ ಇಂಗಾಲ ಮತ್ತು ಜಲಜನಕ ಸೇರಿ ಆದ ವಸ್ತುಗಳು. ಬೇಕಾದಷ್ಟು ಆಮ್ಲಜನಕ ಸಿಕ್ಕಿ ಪೂರ್ತಿ ಉರಿದರೆ ಉಳಿಯುವುದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ. ಆಮ್ಲಜನಕ ಸಾಲದೆ ಹೋದರೆ ಕಾರ್ಬನ್ ಮಾನಾಕ್ಸೈಡ್ ಮತ್ತು ಮಸಿ ಹುಟ್ಟುತ್ತವೆ. ಉರಿಯುವ ಮೇಣದಬತ್ತಿಯ ಹಳದಿ ಜ್ವಾಲೆಯೊಳಗೆ ಸ್ಟೀಲ್ ಚಮಚದ ಬೆನ್ನನ್ನು ಕ್ಷಣಕಾಲ ಹಿಡಿದು ನೋಡಿ, ಕಪ್ಪಗೆ ಮಸಿ ಹಿಡಿಯುತ್ತದೆ. ಚಮಚ ಆ ಮಸಿಯನ್ನು ಹೊಸದಾಗಿ ಹುಟ್ಟಿಸಿದ್ದಲ್ಲ. ಜ್ವಾಲೆಯ ಹಳದಿ ಬೆಳಕೇ ಕಾದು ಹೊಳೆಯುವ ಮಸಿಕಣಗಳದ್ದು. ಅವು ಜ್ವಾಲೆಯ ಅಂಚಿನಲ್ಲಿ ಉರಿದುಹೋಗುವ ಮುನ್ನವೇ ತಣ್ಣನೆಯ ಲೋಹ ಅವನ್ನು ಹಿಡಿದುಕೊಂಡಿತು, ಅಷ್ಟೆ. ಕಾರ್ಬನ್ ಮಾನಾಕ್ಸೈಡ್‌ಗಾದರೋ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗುವುದು ಪ್ರಾಣಕ್ಕೇ ಎರವಾಗುವುದು ಇದರಿಂದಲೇ.

ಕಲ್ಮಶದ ಕಥೆ ಚಿಕ್ಕದು. ಕಲ್ಲಿದ್ದಲಿನಲ್ಲಿರುವ ಗಂಧಕ ಉರಿದು ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಅದು ಗಾಳಿಯಲ್ಲಿ ಗಂಧಕಾಮ್ಲವಾಗಿ ಮಾರ್ಪಟ್ಟು ಆಮ್ಲಮಳೆಗೆ ಕಾರಣವಾಗುತ್ತದೆ. 1952ರ ಡಿಸೆಂಬರ್‌ನಲ್ಲಿ ಲಂಡನ್ನಿನ ಮೇಲೆ ಇಂಥ ಕಲ್ಲಿದ್ದಲ ಹೊಗೆ ಮಂಜಿನೊಡನೆ ಬೆರೆತು ಐದು ದಿನ ಕದಲದೆ ನಿಂತಿತು. ಸಾವಿರಾರು ಜನ ಸತ್ತರು. ಬ್ರಿಟನ್ನಿನಲ್ಲಿ ಶುದ್ಧಗಾಳಿ ಕಾಯಿದೆ ಬಂದದ್ದು ಆಮೇಲೆ, 1956ರಲ್ಲಿ.

ಮೂರನೆಯದೇ ನನಗೆ ಬಹಳ ಅಚ್ಚರಿ ತಂದದ್ದು. ಗಾಳಿಯಲ್ಲಿ ಶೇಕಡಾ 78ರಷ್ಟು ಸಾರಜನಕವಿದೆ. ಸಾಮಾನ್ಯ ಉಷ್ಣತೆಯಲ್ಲಿ ಅದು ಯಾರ ತಂಟೆಗೂ ಹೋಗುವುದಿಲ್ಲ. ಎಂಜಿನ್ನಿನೊಳಗಿನ ಅತಿ ಕಾವಿನಲ್ಲಿ ಮಾತ್ರ ಆಮ್ಲಜನಕದೊಡನೆ ಸೇರಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ, ಹೊರಬಂದ ಮೇಲೆ ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಎಂದರೆ ಇಂಗಾಲವೂ ಗಂಧಕವೂ ಇಲ್ಲದ ಜಲಜನಕವನ್ನು ಗಾಳಿಯಲ್ಲಿ ಉರಿಸಿದರೂ ಈ ಆಕ್ಸೈಡ್‌ಗಳು ಹುಟ್ಟುತ್ತವೆ! ಇಲ್ಲೇ ಎಂಜಿನಿಯರುಗಳಿಗೆ ಇಕ್ಕಟ್ಟು: ಮಸಿ ತಗ್ಗಲೆಂದು ಉರಿಯ ಕಾವು ಏರಿಸಿದರೆ ನೈಟ್ರೋಜನ್ ಆಕ್ಸೈಡ್‌ಗಳು ಹೆಚ್ಚುತ್ತವೆ.

ನೆಲಮಟ್ಟದ ಗಾಳಿಯನ್ನು ಕೆಡಿಸುವ ಇನ್ನೊಂದು ಅನಿಲ ಓಝೋನ್; ಅದು ಯಾವ ಗುಂಪಿಗೆ ಸೇರುತ್ತದೆ ಎಂದು ಹುಡುಕಬೇಡಿ. ವಾಹನದ ಹೊಗೆಕೊಳವೆಯಿಂದ ಅದು ಹೊರಬರುವುದೇ ಇಲ್ಲ. ನೈಟ್ರೋಜನ್ ಡೈಆಕ್ಸೈಡನ್ನು ಬಿಸಿಲು ಒಡೆದಾಗ ಬಿಡಿಯಾದ ಆಮ್ಲಜನಕದ ಪರಮಾಣು, ಗಾಳಿಯ ಆಮ್ಲಜನಕದ ಅಣುವಿನೊಡನೆ ಕೂಡಿ ಓಝೋನ್ ಆಗುತ್ತದೆ. ಉರಿಯದೆ ಉಳಿದ ಇಂಧನದ ಆವಿ ಇದ್ದರೆ ಓಝೋನ್ ಇನ್ನಷ್ಟು ಶೇಖರವಾಗುತ್ತದೆ. ಹೊಗೆ ಹೊರಟ ಜಾಗದಿಂದ ಎಷ್ಟೋ ದೂರದಲ್ಲಿ, ಮಧ್ಯಾಹ್ನದ ಉರಿಬಿಸಿಲಿನಲ್ಲಿ ಅದರ ಪ್ರಮಾಣ ಏರುವುದು ಈ ಕಾರಣಕ್ಕೆ.