ಪೈಲಟ್ ಹೇಳುವ ಎತ್ತರಕ್ಕೂ ಜಿಪಿಎಸ್ ತೋರಿಸುವ ಎತ್ತರಕ್ಕೂ ತಾಳೆಯಾಗುವುದಿಲ್ಲವೇಕೆ?

ಪ್ರಶ್ನೆ: ವಿಮಾನದ ಕಿಟಕಿ ಪಕ್ಕ ಕೂತು ನನ್ನ ಕೈ ಜಿಪಿಎಸ್ ನೋಡುತ್ತಿದ್ದೆ. 35,000 ಅಡಿಯಲ್ಲಿ ಹಾರುತ್ತಿದ್ದೇವೆ ಎಂದು ಪೈಲಟ್ ಹೇಳಿದಾಗ ಅದು 36,700 ತೋರಿಸುತ್ತಿತ್ತು. ಉಪಕರಣ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಪೈಲಟ್ ಹೇಳಿದ್ದರಲ್ಲೂ ತಪ್ಪಿಲ್ಲ.

ವಿಮಾನದ ಆಲ್ಟಿಮೀಟರ್ ಎತ್ತರವನ್ನು ನೇರವಾಗಿ ಅಳೆಯುವುದೇ ಇಲ್ಲ. ಅದು ಹೊರಗಿನ ಗಾಳಿಯ ಒತ್ತಡವನ್ನು ಅಳೆದು, ಅಡಿಯ ಲೆಕ್ಕಕ್ಕೆ ತಿರುಗಿಸಿ ತೋರಿಸುತ್ತದೆ. ಆ ಲೆಕ್ಕಕ್ಕೆ ಆಧಾರ ಒಂದು ಪ್ರಮಾಣಿತ ವಾತಾವರಣ: ಸಮುದ್ರ ಮಟ್ಟದಲ್ಲಿ ಒತ್ತಡ 1013.25 ಹೆಕ್ಟೋಪಾಸ್ಕಲ್, ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್, ಮೇಲೇರಿದಂತೆ ಕಿಲೋಮೀಟರಿಗೆ 6.5 ಡಿಗ್ರಿ ಇಳಿಕೆ. ನಿಜವಾದ ಆಕಾಶ ಈ ಲೆಕ್ಕದಂತೆಯೇ ಇರುವುದು ಅಪರೂಪ. ಬೆಚ್ಚಗಿನ ಗಾಳಿ ಹಿಗ್ಗುವುದರಿಂದ ಅದೇ ಒತ್ತಡ ಇನ್ನಷ್ಟು ಮೇಲೆ ಸಿಗುತ್ತದೆ. ವಿಮಾನದ ಕೆಳಗಿರುವ ಗಾಳಿ ಸರಾಸರಿ 10 ಡಿಗ್ರಿ ಹೆಚ್ಚು ಬೆಚ್ಚಗಿದ್ದರೆ ನಿಜವಾದ ಎತ್ತರ ಸುಮಾರು ಶೇ 4ರಷ್ಟು ಹೆಚ್ಚುತ್ತದೆ. 35,000 ಅಡಿಗೆ ಅದು 1,400 ಅಡಿ. ಕೆಳಗೆ ಹವೆಯ ಒತ್ತಡವೂ ಜಾಸ್ತಿಯಿದ್ದರೆ ಅಂತರ ಇನ್ನೂ ಬೆಳೆಯುತ್ತದೆ. ಉಷ್ಣವಲಯದ ಮೇಲೆ ನೀವು ಕಂಡಷ್ಟು ವ್ಯತ್ಯಾಸ ಮಾಮೂಲು.

ಹಾಗಾದರೆ ವಿಮಾನಗಳು ಡಿಕ್ಕಿ ಹೊಡೆಯುವುದಿಲ್ಲವೇ? ಇಲ್ಲ. ಆ ಎತ್ತರದಲ್ಲಿ ಎಲ್ಲ ವಿಮಾನಗಳೂ ಇದೇ 1013.25ರ ಲೆಕ್ಕವನ್ನು ಪಾಲಿಸುತ್ತವೆ. ಬೆಚ್ಚಗಿನ ಗಾಳಿ ಒಂದನ್ನು ಮೇಲೆತ್ತಿದರೆ ಪಕ್ಕದ್ದನ್ನೂ ಎತ್ತುತ್ತದೆ. 29,000ದಿಂದ 41,000 ಅಡಿವರೆಗೆ ವಿಮಾನಗಳನ್ನು ಒಂದರ ಮೇಲೊಂದು ಕೇವಲ 1,000 ಅಡಿ ಅಂತರದಲ್ಲಿ ಬಿಡಲು ಸಾಧ್ಯವಾಗಿರುವುದು ಈ ಶಿಸ್ತಿನಿಂದ. ಅಲ್ಲಿ ಬೇಕಿರುವುದು ನೆಲದಿಂದ ಎಷ್ಟು ಎತ್ತರ ಎಂಬುದಕ್ಕಿಂತ, ಎಲ್ಲರ ಕೈಯಲ್ಲೂ ಒಂದೇ ಅಳತೆಗೋಲು.

ನನಗೆ ತುಂಬ ಇಷ್ಟವಾದ ವಿಷಯ ಇದರಿಂದಲೇ ಹುಟ್ಟುತ್ತದೆ. ಉಷ್ಣವಲಯದಿಂದ ಚಳಿಗಾಲದ ಧ್ರುವ ಪ್ರದೇಶದ ಕಡೆಗೆ ಹೋಗುವ ದೀರ್ಘ ಹಾರಾಟದಲ್ಲಿ ಪೈಲಟ್‌ನ ಸೂಚಿ 35,000ದಲ್ಲೇ ನಿಂತಿದ್ದರೂ ನಿಮ್ಮ ಜಿಪಿಎಸ್ ಅಂಕಿ ನಿಧಾನವಾಗಿ ಇಳಿಯುತ್ತದೆ. ಒಟ್ಟು ಇಳಿಕೆ ಸುಮಾರು ಒಂದು ಕಿಲೋಮೀಟರ್ ಆಗಬಹುದು. ವಿಮಾನ ಹಾರುತ್ತಿರುವುದು ಸಮನಾದ ಒತ್ತಡದ ಪದರದ ಮೇಲೆ, ಆ ಪದರವೇ ತಂಪಿನ ಕಡೆಗೆ ವಾಲಿಕೊಂಡಿರುತ್ತದೆ. ಗಂಟೆಗೊಮ್ಮೆ ಅಂಕಿ ಬರೆದಿಟ್ಟುಕೊಂಡರೆ ವಾತಾವರಣದ ಇಳಿಜಾರನ್ನು ನೀವೇ ಅಳೆದಂತೆ. ವಿಮಾನ ನಡುವೆ ಮೇಲಿನ ಮಟ್ಟಕ್ಕೆ ಏರಿದ್ದನ್ನು ಮಾತ್ರ ಲೆಕ್ಕದಿಂದ ಕಳೆಯಬೇಕು.

ಜಿಪಿಎಸ್‌ನ ಅಂಕಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಉಪಗ್ರಹಗಳೆಲ್ಲ ನಮ್ಮ ಮೇಲೆಯೇ ಇರುವುದರಿಂದ ಎತ್ತರದ ತಪ್ಪು ಸ್ಥಳದ ತಪ್ಪಿಗಿಂತ ಹೆಚ್ಚು. ಕಿಟಕಿಯಿಂದ ಒಂದು ಬದಿಯ ಆಕಾಶವಷ್ಟೇ ಕಾಣುವಾಗ ಅದು ಇನ್ನೂ ಹದಗೆಡುತ್ತದೆ. ಕಡೇಪಕ್ಷ ನಾಲ್ಕು ಉಪಗ್ರಹಗಳು ಸಿಗದೆ ಎತ್ತರ ಸಿಗದು. ಆದರೂ ಸಂಕೇತ ಚೆನ್ನಾಗಿದ್ದಾಗ ತಪ್ಪು ಕೆಲವು ಹತ್ತು ಮೀಟರ್ ಮಟ್ಟದ್ದು. 1,700 ಅಡಿ ವ್ಯತ್ಯಾಸಕ್ಕೆ ಅದು ಕಾರಣವಾಗದು.

ಒಂದು ಎಚ್ಚರ. ಕೆಲವು ಮಾದರಿಗಳಲ್ಲಿ ಬ್ಯಾರೋಮೀಟರ್ ಕೂಡ ಇರುತ್ತದೆ. ಅದು ಅಳೆಯುವುದು ಕ್ಯಾಬಿನ್ ಒಳಗಿನ ಒತ್ತಡವನ್ನು. ಹಾಗಾಗಿ ಆಕಾಶದ ನಡುವೆ 6,000ದಿಂದ 8,000 ಅಡಿ ಕಂಡರೆ ಅದು ಬ್ಯಾರೋಮೀಟರಿನ ಮಾತು. ಸೆಟಿಂಗ್ಸ್‌ನಲ್ಲೋ ಉಪಗ್ರಹ ಪುಟದಲ್ಲೋ ಜಿಪಿಎಸ್ ಎತ್ತರವನ್ನು ಬೇರೆಯಾಗಿ ನೋಡಿ.

ವಿಮಾನ ಹೊರಡುವ ಮೊದಲು ಬಯಲಲ್ಲಿ ಒಮ್ಮೆ ಉಪಕರಣ ಆನ್ ಮಾಡಿ ಸ್ಥಳ ಹಿಡಿಸಿಟ್ಟುಕೊಂಡರೆ, ಮೇಲೆ ಕಿಟಕಿಯ ಗಾಜಿಗೆ ಹಿಡಿದಾಗ ಬೇಗ ಸಂಕೇತ ಹತ್ತುತ್ತದೆ. ಜಿಪಿಎಸ್ ಬಳಕೆಯ ನಿಯಮ ಎಲ್ಲ ಕಂಪನಿಗಳಲ್ಲೂ ಒಂದೇ ಅಲ್ಲ. ಸಿಬ್ಬಂದಿಯನ್ನು ಕೇಳಿ, ಬೇಡವೆಂದರೆ ಆಫ್ ಮಾಡಿ.