ಹೆಂಗೆ ನಂಬಿದ್ರಿ ಅಂತ ಆಮೇಲೆ ಕೇಳಿ, ಮೊದ್ಲು 1930ಕ್ಕೆ ಫೋನ್ ಮಾಡ್ಸಿ

ನಾನು ವಕೀಲೆ, ಈಗೀಗ ನನ್ನ ಹತ್ರ ಬರೋ ಫೈಲುಗಳಲ್ಲಿ ಸೈಬರ್ ವಂಚನೆದೇ ಜಾಸ್ತಿ. ಹೋದ ವರ್ಷ ಒಬ್ರು ರಿಟೈರ್ಡ್ ಹೈಸ್ಕೂಲ್ ಟೀಚರ್ ಮಗನ ಜೊತೆ ಆಫೀಸಿಗೆ ಬಂದಿದ್ರು (ಗುರುತು ಸಿಗಬಾರ್ದು ಅಂತ ಕೆಲವು ವಿವರ ಬದಲಾಯಿಸಿದೀನಿ). ಅವರ ಹೆಸರಿನ ಕೊರಿಯರ್‌ನಲ್ಲಿ ಡ್ರಗ್ಸ್ ಸಿಕ್ಕಿದೆ ಅಂತ ಮೊದ್ಲು ಒಂದು ಫೋನು, ಆಮೇಲೆ ವಾಟ್ಸಾಪ್ ವಿಡಿಯೋ ಕಾಲಲ್ಲಿ ಖಾಕಿ ಹಾಕ್ಕೊಂಡು ಕೂತವನು, ಹಿಂದ್ಗಡೆ ಗೋಡೆ ಮೇಲೆ ಸಿಬಿಐ ಲಾಂಛನ. ನಿಮ್ಮನ್ನ ಡಿಜಿಟಲ್ ಅರೆಸ್ಟ್ ಮಾಡಿದೀವಿ, ಕ್ಯಾಮೆರಾ ಆಫ್ ಮಾಡಂಗಿಲ್ಲ, ಮಗನಿಗೂ ಹೇಳಂಗಿಲ್ಲ, ಹೇಳಿದ್ರೆ ಅವನೂ ಒಳಗೆ ಹೋಗ್ತಾನೆ ಅಂದಿದಾರೆ. ಎರಡು ದಿನ ಬಾತ್‌ರೂಮಿಗೂ ಪರ್ಮಿಷನ್ ಕೇಳ್ಕೊಂಡು ಹೋಗಿದಾರೆ ಪಾಪ. ಮೂರನೇ ದಿನ ಎಫ್‌ಡಿ ಮುರಿಸಿ 18 ಲಕ್ಷ ಆರ್‌ಟಿಜಿಎಸ್ ಮಾಡಿದಾರೆ, ವೆರಿಫೈ ಮಾಡಿ ವಾಪಸ್ ಕೊಡ್ತೀವಿ ಅಂದಿದ್ರಂತೆ.

ಮೋಸ ಹೋದೆ ಅಂತ ಅವರಿಗೆ ಅವತ್ತು ಸಂಜೆನೇ ಗೊತ್ತಾಗಿದೆ, ಆದ್ರೆ ಕಂಪ್ಲೇಂಟ್ ಕೊಟ್ಟಿದ್ದು 6 ದಿನ ಆದ್ಮೇಲೆ. ಯಾಕೆ ಮೇಡಂ ಅಂದೆ. "ಮಗ ಬೈತಾನೆ ಅಂತ" ಅಂದ್ರು. ಮಗ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದ.

ಆ 6 ದಿನದಲ್ಲಿ ದುಡ್ಡಿಗೆ ಏನಾಗತ್ತೆ ಅಂತ ಹೇಳ್ತೀನಿ. ಅದು ಹೋಗಿ ಕೂರೋದು ಕಮಿಷನ್ ಆಸೆಗೆ ಯಾರೋ ಬಾಡಿಗೆಗೆ ಕೊಟ್ಟ ಖಾತೆಲಿ, ಮ್ಯೂಲ್ ಅಕೌಂಟ್ ಅಂತೀವಲ್ಲ ಅದು. ಅಲ್ಲಿಂದ ಹತ್ತಾರು ಖಾತೆಗೆ ಚೂರು ಚೂರಾಗಿ ಹೋಗಿ, ಒಂದಿಷ್ಟು ಎಟಿಎಂನಲ್ಲಿ ಕ್ಯಾಶ್ ಆಗಿ, ಒಂದಿಷ್ಟು ಕ್ರಿಪ್ಟೋ ಆಗಿ ಮಾಯ. ಸೈಬರ್ ವಂಚನೆಗೆ ಅಂತಲೇ ಇರೋ ಸರ್ಕಾರಿ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ರೆ ದೂರು ಪೊಲೀಸರನ್ನೂ ಬ್ಯಾಂಕುಗಳನ್ನೂ ಜೋಡಿಸಿರೋ ಒಂದು ವ್ಯವಸ್ಥೆಗೆ ಹೋಗತ್ತೆ, ದುಡ್ಡು ಆ ಕ್ಷಣಕ್ಕೆ ಯಾವ ಬ್ಯಾಂಕಲ್ಲಿ ಇದ್ಯೋ ಆ ಬ್ಯಾಂಕು ಅದು ಮುಂದೆ ಹೋಗದ ಹಾಗೆ ಹೋಲ್ಡ್ ಹಾಕತ್ತೆ. ಅಂದ್ರೆ ನಾವು ದುಡ್ಡಿನ ಹಿಂದೆ ಓಡ್ತಿದೀವಿ, ಗಂಟೆಗಂಟೆಗೂ ಅದು ನಮ್ಮಿಂದ ದೂರ ಹೋಗ್ತಿರತ್ತೆ. ಫೋನ್ ಮಾಡುವಾಗ ಯಾವ ಖಾತೆಯಿಂದ ಹೋಯ್ತು, ಎಷ್ಟು, ಎಷ್ಟೊತ್ತಿಗೆ, ಯುಟಿಆರ್ ನಂಬರ್ (ಆ ವರ್ಗಾವಣೆಗೆ ಬ್ಯಾಂಕ್ ಕೊಡೋ ಗುರುತಿನ ಸಂಖ್ಯೆ) ಯಾವುದು, ಇಷ್ಟು ಕೈಯಲ್ಲಿರ್ಲಿ ಸಾಕು, ಕಥೆಯೆಲ್ಲ ಆಮೇಲೆ ಹೇಳಬಹುದು. ಆಮೇಲೆ ಸೈಬರ್‌ಕ್ರೈಮ್ ಪೋರ್ಟಲ್‌ನಲ್ಲಿ ದೂರು ಪೂರ್ತಿ ಮಾಡಿ, ನಿಮ್ಮ ಜಿಲ್ಲೆಯ ಸೆನ್ ಠಾಣೆಗೆ (ಸೈಬರ್ ಅಪರಾಧ ನೋಡ್ಕೊಳ್ಳೋ ಪೊಲೀಸ್ ಠಾಣೆ) ಹೋಗಿ, ನಿಮ್ಮ ಬ್ಯಾಂಕಿಗೂ ಬರವಣಿಗೆಲೇ ತಿಳಿಸಿ ಸೀಲ್ ಹಾಕಿಸ್ಕೊಳ್ಳಿ.

ಡಿಜಿಟಲ್ ಅರೆಸ್ಟ್ ಅನ್ನೋದು ನಮ್ಮ ಯಾವ ಕಾನೂನಲ್ಲೂ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿನೇ ಮನ್ ಕಿ ಬಾತ್‌ನಲ್ಲಿ ಇದನ್ನ ಹೇಳಿದ್ರು. ಆದ್ರೂ ಜನ ಸಿಕ್ಕಾಕ್ಕೊಳ್ತಾರೆ, ಯಾಕಂದ್ರೆ ಅವರು ನಮ್ಮ ಬುದ್ಧಿ ಜೊತೆ ಮಾತಾಡಲ್ಲ, ಭಯದ ಜೊತೆ ಮಾತಾಡ್ತಾರೆ, ಜೀವಮಾನದಲ್ಲಿ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತದೆ ಮರ್ಯಾದೆಯಿಂದ ಬದುಕಿದವರಿಗೇ ಆ ಭಯ ಹೆಚ್ಚು. ಡಾಕ್ಟರ್ರು, ಇಂಜಿನಿಯರ್ರು, ಬ್ಯಾಂಕಲ್ಲೇ ಕೆಲಸ ಮಾಡಿ ರಿಟೈರ್ ಆದವರು ಕೂಡ ಬಂದು ನನ್ನೆದುರು ಅತ್ತಿದಾರೆ.

ಮನೇಲಿ ಮೊದ್ಲು ಬರೋ ಮಾತೇ "ಇಷ್ಟು ಓದ್ಕೊಂಡು ಹೆಂಗೆ ನಂಬಿದೆ". ಈ ಮಾತಿಗೆ ಹೆದ್ರಿನೇ ಎಷ್ಟೋ ಜನ ಮುಚ್ಚಿಟ್ಕೊಳ್ತಾರೆ. 2025ರ ಮಾರ್ಚ್‌ನಲ್ಲಿ ಬೆಳಗಾವಿ ಜಿಲ್ಲೆ ಖಾನಾಪುರ ತಾಲೂಕಲ್ಲಿ ಇಂಥದೇ ಕಿರುಕುಳಕ್ಕೆ ಸಿಕ್ಕ ವೃದ್ಧ ದಂಪತಿ ಜೀವಾನೇ ಕಳ್ಕೊಂಡ್ರು, ಅದನ್ನ ನೆನಸ್ಕೊಂಡ್ರೆ ಈಗಲೂ ಸಂಕಟ ಆಗತ್ತೆ. ಮೋಸ ಹೋದವರನ್ನ ಮೊದಲ ಕೆಲವು ದಿನ ಒಬ್ರನ್ನೇ ಬಿಡಬೇಡಿ, ನಿದ್ದೆ ಊಟ ಬಿಟ್ಟಿದ್ರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಫ್ರೀ ಇದೆ, ಕನ್ನಡದಲ್ಲೇ ಮಾತಾಡ್ತಾರೆ.

ಇನ್ನು ಹೋಲ್ಡ್ ಆದ ದುಡ್ಡು ತಾನಾಗೇ ವಾಪಸ್ ಬರತ್ತೆ ಅಂತ ಸುಮ್ನೆ ಕೂರಬೇಡಿ. ಸಾಮಾನ್ಯವಾಗಿ ಬಿಎನ್‌ಎಸ್‌ಎಸ್ ಅಂದ್ರೆ ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾನೂನಿನ 503ನೇ ಸೆಕ್ಷನ್ (ಹಳೇ ಸಿಆರ್‌ಪಿಸಿಲಿ 457) ಪ್ರಕಾರ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕ್ಬೇಕು, ದೂರಿನ ಅಕ್ನಾಲೆಜ್ಮೆಂಟ್, ಬ್ಯಾಂಕ್ ಸ್ಟೇಟ್‌ಮೆಂಟ್, ಎಲ್ಲೆಲ್ಲಿ ಎಷ್ಟೆಷ್ಟು ಹೋಲ್ಡ್ ಆಗಿದೆ ಅನ್ನೋ ಮಾಹಿತಿ ಬೇಕಾಗತ್ತೆ. ವಕೀಲರ ಫೀಸ್ ಕೊಡಕ್ಕಾಗಲ್ಲ ಅಂದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳಿ, ಹೆಣ್ಮಕ್ಕಳಿಗೆ ಅಲ್ಲಿ ಆದಾಯ ಎಷ್ಟೇ ಇದ್ರೂ ಉಚಿತ ನೆರವು ಸಿಗತ್ತೆ.

ನಮ್ಮ ಟೀಚರಮ್ಮನ 18 ಲಕ್ಷದಲ್ಲಿ ಹೋಲ್ಡ್ ಆಗಿ ಸಿಕ್ಕಿದ್ದು ಒಂದೂವರೆ ಲಕ್ಷ ಅಷ್ಟೇ. ಅದೂ ಕೈಗೆ ಬರೋಕೆ ಮುಂಚೆ ಅವರಿಗೆ ಇನ್ನೊಂದು ಫೋನ್ ಬಂತು, ನಿಮ್ಮ ದುಡ್ಡು ಪೂರ್ತಿ ರಿಕವರಿ ಆಗಿದೆ, ರಿಲೀಸ್ ಮಾಡಕ್ಕೆ 15 ಸಾವಿರ ಚಾರ್ಜ್ ಕಟ್ಟಿ ಅಂತ. ಒಂದ್ಸಲ ಮೋಸ ಹೋದವರ ನಂಬರು ಕಳ್ಳರ ಕೈಯಿಂದ ಕೈಗೆ ಓಡಾಡ್ತಿರತ್ತೆ, ಹಾಗಾಗಿ ಈ ಎರಡನೇ ಏಟು ನನ್ನ ಹತ್ರ ಬರೋ ಸುಮಾರು ಜನಕ್ಕೆ ಬಿದ್ದಿದೆ. ಆದ್ರೆ ಈ ಸಲ ಟೀಚರಮ್ಮ ಫೋನ್ ಹಿಡ್ಕೊಂಡೇ ಹಾಲಿಗೆ ಬಂದು "ಲೋ, ಇವ್ನು ಏನೋ ಹೇಳ್ತಿದಾನೆ ನೋಡು" ಅಂತ ಮಗನ ಕೈಗೆ ಕೊಟ್ಟಿದಾರೆ.