ಸುಬೇದಾರ್ ಮೇಜರ್ ಕೈಗೆ ಬಸ್ಸು, ರೈಲು ಕೊಟ್ಟರೆ?

ಕೊಡಗಿನಲ್ಲಿ ಸೈನ್ಯದಿಂದ ನಿವೃತ್ತರಾಗಿ ಬಂದವರು ಮುಂದೇನು ಮಾಡುತ್ತಾರೆ ಅಂತ ಯಾರೂ ಕೇಳುವುದಿಲ್ಲ. ಎಲ್ಲರಿಗೂ ಗೊತ್ತು. ತೋಟ ಇದ್ದವರು ಕಾಫಿ, ಮೆಣಸು ನೋಡಿಕೊಳ್ಳುತ್ತಾರೆ. ಇಲ್ಲದವರು ಬ್ಯಾಂಕಿನಲ್ಲೋ ಎಟಿಎಂನಲ್ಲೋ ಸೆಕ್ಯುರಿಟಿ ಕೆಲಸಕ್ಕೆ ಸೇರುತ್ತಾರೆ. ಕಾರ್ಯಪ್ಪನವರಂಥ ದೊಡ್ಡವರಾದರೆ ಸರ್ಕಾರ ಹೈಕಮಿಷನರ್ ಮಾಡಿ ಆಸ್ಟ್ರೇಲಿಯಾಕ್ಕೆ ಕಳಿಸುತ್ತದೆ, ತಿಮ್ಮಯ್ಯನವರಂಥವರನ್ನು ವಿಶ್ವಸಂಸ್ಥೆ ಸೈಪ್ರಸ್‌ಗೆ ಕರೆಸಿಕೊಳ್ಳುತ್ತದೆ. ಆದರೆ ‘ಬನ್ನಿ, ನಮ್ಮೂರಿನ ಬಸ್ಸು ನಡೆಸಿಕೊಡಿ’ ಅಂತ ಕರೆದಿದ್ದು ನಾನಂತೂ ಕೇಳಿಲ್ಲ. ಕೆಎಸ್‌ಆರ್‌ಟಿಸಿ ಎಂಡಿ ಕುರ್ಚಿ ಸಾಮಾನ್ಯವಾಗಿ ಐಎಎಸ್ ಅಧಿಕಾರಿಗಳದ್ದು.

ಅಮೆರಿಕದಲ್ಲಿ ಹಾಗೆ ಕರೆಯುವ ರೂಢಿ ಹಳೆಯದು. ಎರಡನೇ ಮಹಾಯುದ್ಧದಲ್ಲಿ ಅಲ್ಲಿನ ಸೈನ್ಯದ ಸಾರಿಗೆ ವಿಭಾಗಕ್ಕೆ ಮುಖ್ಯಸ್ಥರಾಗಿದ್ದ ಮೇಜರ್ ಜನರಲ್ ಚಾರ್ಲ್ಸ್ ಗ್ರಾಸ್ ಅವರನ್ನು ಯುದ್ಧ ಮುಗಿದ ಕೂಡಲೇ ನ್ಯೂಯಾರ್ಕ್ ತನ್ನ ಸಾರಿಗೆ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿತು. 1953ರಲ್ಲಿ ಆ ಮಂಡಳಿಯ ಜಾಗಕ್ಕೆ ಹೊಸ ಪ್ರಾಧಿಕಾರ ಬಂತು. ಅದಕ್ಕೂ ಸೈನ್ಯದ ಎಂಜಿನಿಯರ್ ಹ್ಯೂ ಕೇಸಿಯೇ ಅಧ್ಯಕ್ಷ. ಅದೇ ವರ್ಷ ಟಿಕೆಟ್ ದರ 10 ಸೆಂಟ್‌ನಿಂದ 15ಕ್ಕೆ ಏರಿತು. 15 ಸೆಂಟಿನ ನಾಣ್ಯ ಇರಲಿಲ್ಲ, ಹಾಗಾಗಿ ಟೋಕನ್ ಬಂತು. ಲಕ್ಷಾಂತರ ಸೈನಿಕರನ್ನು ಸಾಗಿಸಿದವರಿಗೆ ಒಂದು ನಗರದ ಜನರನ್ನು ಸಾಗಿಸುವುದು ಏನು ಮಹಾ ಅನ್ನುವ ನಂಬಿಕೆ ಅದು.

ಈ ನಂಬಿಕೆ ಎಲ್ಲಿ ಎಡವಿತು ಅನ್ನುವುದಕ್ಕೆ ವಾಷಿಂಗ್ಟನ್ ಮೆಟ್ರೋ ಕಥೆ ನೋಡಬೇಕು. 1967ರಲ್ಲಿ ಅದರ ಮೊದಲ ಜನರಲ್ ಮ್ಯಾನೇಜರ್ ಆಗಿ ಬಂದವರು ಸೈನ್ಯದ ಎಂಜಿನಿಯರಿಂಗ್ ವಿಭಾಗದ ಮೇಜರ್ ಜನರಲ್ ಜಾಕ್ಸನ್ ಗ್ರಹಾಂ. ಕೆಲಸಗಾರ ಮನುಷ್ಯ. 1969ರ ಡಿಸೆಂಬರ್‌ನಲ್ಲಿ ನೆಲ ಅಗೆಯಲು ಶುರು ಮಾಡಿದರು, 1976ರ ಮಾರ್ಚ್ 27ಕ್ಕೆ ಮೊದಲ ರೈಲು ಓಡಿತು. ಆದರೆ ನಿಲ್ದಾಣಗಳಿಗೆ ಲಿಫ್ಟ್ ಬೇಕು ಅಂತ ಅಂಗವಿಕಲರು ಕೇಳಿದಾಗ ಗ್ರಹಾಂ ಒಪ್ಪಲಿಲ್ಲ. ಖರ್ಚು ಜಾಸ್ತಿ, ಎಸ್ಕಲೇಟರ್ ಇದೆಯಲ್ಲ, ಸಾಕು ಅಂದರು. ಅಷ್ಟಕ್ಕೇ ಬಿಡಲಿಲ್ಲ, ತಾವೇ ಗಾಲಿಕುರ್ಚಿಯಲ್ಲಿ ಕೂತು ಎಸ್ಕಲೇಟರ್ ಏರಿ ತೋರಿಸಿದರು! ಗಟ್ಟಿಮುಟ್ಟಾದ ಜನರಲ್ ಏರಿದ ಮಾತ್ರಕ್ಕೆ ಕಾಲಿಲ್ಲದವರು ಏರುತ್ತಾರಾ? 1973ರಲ್ಲಿ ಕೋರ್ಟು ಅಂಗವಿಕಲರ ಪರ ನಿಂತಿತು. ಪರಿಣಾಮ, ಉದ್ಘಾಟನೆಯ ದಿನ ಗ್ಯಾಲರಿ ಪ್ಲೇಸ್ ನಿಲ್ದಾಣ ತೆರೆಯಲೇ ಇಲ್ಲ, ಲಿಫ್ಟ್ ಸಿದ್ಧವಾಗಿರಲಿಲ್ಲ. ರೈಲು ಅಲ್ಲಿ ನಿಲ್ಲದೆ ಮುಂದೆ ಹೋಯಿತು. ಆ ಹೊತ್ತಿಗೆ ಗ್ರಹಾಂ ಕೂಡ ಹುದ್ದೆಯಲ್ಲಿ ಇರಲಿಲ್ಲ.

ಸುರಂಗ ತೋಡಲು ಆರ್ಡರ್ ಸಾಕು. ಪ್ರಯಾಣಿಕ ಆರ್ಡರ್ ಕೇಳುವವನಲ್ಲ, ಟಿಕೆಟ್ ಕೊಂಡವನು.

ಇನ್ನು ಫಿಲಿಪ್ ವಾಷಿಂಗ್ಟನ್. (ಇದು ಮನುಷ್ಯನ ಹೆಸರು, ಊರಿನದ್ದಲ್ಲ.) ಇವರು ಜನರಲ್ ಅಲ್ಲ. ಷಿಕಾಗೋದ ದಕ್ಷಿಣ ಭಾಗದಲ್ಲಿ, ಬಡವರಿಗೆ ಕಟ್ಟಿದ ಸರ್ಕಾರಿ ಮನೆಗಳಲ್ಲಿ ಬೆಳೆದವರು. ಸೈನ್ಯಕ್ಕೆ ಸೇರಿ 24 ವರ್ಷ ದುಡಿದು ಕಮಾಂಡ್ ಸಾರ್ಜೆಂಟ್ ಮೇಜರ್ ಆಗಿ ನಿವೃತ್ತರಾದರು. ನಮ್ಮ ಸುಬೇದಾರ್ ಮೇಜರ್‌ಗೆ ಹತ್ತಿರದ ಪದವಿ. ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ, ಮೇಲಿನ ಸಾಹೇಬರು ಹೇಳಿದ್ದನ್ನು ಕೆಳಗಿನ ಜವಾನರ ಕೈಯಲ್ಲಿ ಮಾಡಿಸುವ, ಹಾಗೆಯೇ ಜವಾನರ ತೊಂದರೆಯನ್ನು ಸಾಹೇಬರ ಕಿವಿಗೆ ಹಾಕುವ ಮನುಷ್ಯ ಅವನೇ.

2000ದಲ್ಲಿ ಅವರು ಡೆನ್ವರ್ ನಗರದ ಸಾರಿಗೆ ಸಂಸ್ಥೆ ಸೇರಿದರು, 2009ರಲ್ಲಿ ಅದರ ಮುಖ್ಯಸ್ಥರಾದರು. ಆಗ ಸ್ಥಿತಿ ಚೆನ್ನಾಗಿರಲಿಲ್ಲ. ಅಮೆರಿಕದ ಎಷ್ಟೋ ಊರುಗಳಲ್ಲಿ ಹೊಸ ರೈಲು ಬೇಕಾದರೆ ಜನರ ಮುಂದೆ ಹೋಗಿ, ಇಷ್ಟು ಮಾರಾಟ ತೆರಿಗೆ ಕೊಡುತ್ತೀರಾ ಅಂತ ಮತ ಕೇಳಬೇಕು. ಡೆನ್ವರ್ ಜನ 2004ರಲ್ಲಿ 100 ಡಾಲರ್ ವ್ಯಾಪಾರಕ್ಕೆ 40 ಸೆಂಟ್ ಹೆಚ್ಚಿಗೆ ಕೊಡಲು ಒಪ್ಪಿದ್ದರು. 122 ಮೈಲಿ ರೈಲು ಮಾರ್ಗ, ಸುಮಾರು 470 ಕೋಟಿ ಡಾಲರ್ ಅನ್ನುವ ಲೆಕ್ಕ. ಖರ್ಚು ಏರಿತು. 2008ರ ಆರ್ಥಿಕ ಕುಸಿತದಲ್ಲಿ ಜನ ಸಾಮಾನು ಕೊಳ್ಳುವುದನ್ನೇ ಕಡಿಮೆ ಮಾಡಿದರು, ತೆರಿಗೆಯೂ ಇಳಿಯಿತು. ವಾಷಿಂಗ್ಟನ್ ಕಾಲದಲ್ಲಿ ಸಂಸ್ಥೆ ಖಾಸಗಿ ಕಂಪನಿಗಳ ಕೂಟವೊಂದಕ್ಕೆ ಕಟ್ಟುವ, ಬಂಡವಾಳ ಹಾಕುವ, ದಶಕಗಟ್ಟಲೆ ನಡೆಸುವ ಕೆಲಸವನ್ನು ಒಟ್ಟಿಗೆ ವಹಿಸಿತು. ವಿಮಾನ ನಿಲ್ದಾಣಕ್ಕೆ ರೈಲು ಬಂದಿದ್ದು ಹಾಗೆ, 2016ರಲ್ಲಿ.

ಎಲ್ಲವೂ ಸಲೀಸಾಗಿ ಆಯಿತು ಅಂತಲ್ಲ. ಆ ಮಾರ್ಗದ ಲೆವೆಲ್ ಕ್ರಾಸಿಂಗ್ ಗೇಟುಗಳು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಮುಚ್ಚಿರುತ್ತಿದ್ದವು, ಹಾಗಾಗಿ ಅಷ್ಟು ದುಡ್ಡು ಸುರಿದ ಹೊಸ ರೈಲಿಗೆ ಗೇಟಿನ ಹತ್ತಿರ ಬಹಳ ಕಾಲ ಮನುಷ್ಯರನ್ನೇ ಕಾವಲು ನಿಲ್ಲಿಸಬೇಕಾಯಿತು. ಬೋಲ್ಡರ್, ಲಾಂಗ್‌ಮಾಂಟ್ ಕಡೆಯ ಜನ ತೆರಿಗೆ ಕಟ್ಟುತ್ತಲೇ ಇದ್ದಾರೆ, ಲಾಂಗ್‌ಮಾಂಟ್‌ಗೆ ಹೋಗಬೇಕಿದ್ದ ರೈಲು ಹೋಗಿಲ್ಲ. ಮೈಸೂರಿನಿಂದ ಕುಶಾಲನಗರಕ್ಕೆ ರೈಲು ಬರುತ್ತದೆ ಅಂತ ವರ್ಷಗಳಿಂದ ಕೇಳುತ್ತಿರುವ ನಮಗೆ ಆ ಸಿಟ್ಟು ಅರ್ಥವಾಗುತ್ತದೆ. ನಮಗೆ ರೈಲು ಬೇಕೋ ಬೇಡವೋ ಅಂತ ಮತ ಹಾಕುವ ಅವಕಾಶವೂ ಇಲ್ಲ ಬಿಡಿ. ಕಾಡು, ಆನೆ ದಾರಿ ಅಂತ ಬೇಡ ಅನ್ನುವವರೂ ಇಲ್ಲಿ ಕಡಿಮೆಯೇನಿಲ್ಲ.

2015ರಲ್ಲಿ ವಾಷಿಂಗ್ಟನ್ ಲಾಸ್ ಏಂಜಲೀಸ್ ಮೆಟ್ರೋ ಮುಖ್ಯಸ್ಥರಾದರು. ಸುಮಾರು ಒಂದು ಕೋಟಿ ಜನರ ಕೌಂಟಿ (ನಮ್ಮ ಜಿಲ್ಲೆಯ ಹಾಗೆ), ಎಲ್ಲರಿಗೂ ಕಾರು ಬೇಕು, ಎಲ್ಲ ರಸ್ತೆಯೂ ಜಾಮ್. ಅಲ್ಲಿ ಸಾರಿಗೆ ತೆರಿಗೆಗೆ ಮೂರರಲ್ಲಿ ಎರಡು ಪಾಲು ಮತ ಬೇಕಿತ್ತು. 2012ರಲ್ಲಿ ಕೇಳಿದಾಗ ಶೇ 66.1 ಬಂದು, ಅರ್ಧ ಪರ್ಸೆಂಟಿನಷ್ಟರಲ್ಲಿ ಸೋತಿದ್ದರು. 2016ರ ನವೆಂಬರ್‌ನಲ್ಲಿ ಮತ್ತೆ ಕೇಳಿದರು. 100 ಡಾಲರಿಗೆ 50 ಸೆಂಟ್, ಅದೂ ಕೊನೆಯ ದಿನಾಂಕ ಇಲ್ಲದ ತೆರಿಗೆ. ಶೇ 71 ಮತ ಬಂತು. ಮೇಯರ್ ಎರಿಕ್ ಗಾರ್ಸೆಟ್ಟಿ ಸೇರಿದಂತೆ ಬಹಳ ಜನರ ದುಡಿಮೆ ಅದರಲ್ಲಿದೆ, ಒಬ್ಬರ ಪವಾಡ ಅಂತ ನಾನು ಹೇಳುವುದಿಲ್ಲ. ಆದರೆ ಗ್ರಹಾಂ ಕಾಲಕ್ಕೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಇಲ್ಲಿ ಮಿಲಿಟರಿಯಿಂದ ಬಂದವರು ಜನರ ಮುಂದೆ ಕೈ ಚಾಚಿ ಕೇಳಬೇಕಾಯಿತು, ಕೇಳಿದರು.

2020ರಲ್ಲಿ ಅವರು ಟಿಕೆಟ್ಟೇ ಇಲ್ಲದ ಸಾರಿಗೆ ಸಾಧ್ಯವಾ ಅಂತ ನೋಡಲು ಒಂದು ತಂಡವನ್ನೂ ಮಾಡಿದರು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮಗೆ ಇದು ಹೊಸ ಮಾತಲ್ಲ ಅಲ್ವಾ? ಆದರೆ ಖಾಸಗಿ ಬಸ್ಸು ಮಾತ್ರ ಓಡುವ ರೂಟಿನ ಹೆಂಗಸರಿಗೆ ಅದು ಇದ್ದೂ ಇಲ್ಲದ ಹಾಗೆ. ಬಸ್ಸೇ ಬರದಿದ್ದರೆ ಫ್ರೀ ಟಿಕೆಟ್ ಯಾವುದಕ್ಕೆ!

2021ರಲ್ಲಿ ವಾಷಿಂಗ್ಟನ್ ಡೆನ್ವರ್‌ಗೆ ಮರಳಿದರು, ಈ ಸಲ ವಿಮಾನ ನಿಲ್ದಾಣದ ಮುಖ್ಯಸ್ಥರಾಗಿ. ಮರುವರ್ಷ ಅಧ್ಯಕ್ಷ ಬೈಡನ್ ಇಡೀ ದೇಶದ ವಿಮಾನಯಾನ ಆಡಳಿತದ ಮುಖ್ಯಸ್ಥರ ಹುದ್ದೆಗೆ ಅವರ ಹೆಸರು ಸೂಚಿಸಿದರು. ಅದಕ್ಕೆ ಅಲ್ಲಿನ ಸಂಸತ್ತಿನ ಮೇಲ್ಮನೆ ಸೆನೆಟ್ ಒಪ್ಪಬೇಕು. ತಮಾಷೆ ನೋಡಿ, ಅಲ್ಲಿ ಅಡ್ಡ ಬಂದ ವಾದಗಳಲ್ಲಿ ಒಂದು ಸೈನ್ಯದ ಸೇವೆಯೇ. ಆ ಹುದ್ದೆಗೆ ಸೈನ್ಯದವರಲ್ಲದ ನಾಗರಿಕರೇ ಆಗಬೇಕು ಅನ್ನುತ್ತಿತ್ತು ಕಾನೂನು. 1965ರಲ್ಲಿ ನಿವೃತ್ತ ಜನರಲ್ ವಿಲಿಯಂ ಮೆಕೀ ಅವರನ್ನು ನೇಮಿಸಲು ಅಲ್ಲಿನ ಸಂಸತ್ತು ವಿಶೇಷ ಕಾನೂನನ್ನೇ ಮಾಡಬೇಕಾಗಿತ್ತು. ವಾಷಿಂಗ್ಟನ್‌ಗೂ ಅಂಥದ್ದೇ ವಿನಾಯಿತಿ ಬೇಕು ಅಂತ ರಿಪಬ್ಲಿಕನ್ನರು ಹಿಡಿದು ಕೂತರು. ನನಗೆ ಅದು ನೆಪ ಅನಿಸುತ್ತದೆ. ಇನ್ನೊಂದು ಪ್ರಶ್ನೆ ಮಾತ್ರ ನೆಪವಲ್ಲ. ಬಸ್ಸು, ರೈಲು ನಡೆಸಿದವರಿಗೆ ವಿಮಾನದ ಸುರಕ್ಷತೆ ಎಷ್ಟು ಗೊತ್ತು? 2023ರ ಮಾರ್ಚ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ ಸದಸ್ಯರೊಬ್ಬರು ಒಂದರ ಮೇಲೊಂದು ತಾಂತ್ರಿಕ ಪ್ರಶ್ನೆ ಹಾಕಿದಾಗ ಹಲವಕ್ಕೆ ಉತ್ತರ ಬರಲಿಲ್ಲ. ಅದೇ ತಿಂಗಳ ಕೊನೆಗೆ ಅವರೇ ಹಿಂದೆ ಸರಿದು ಡೆನ್ವರ್ ಕೆಲಸ ಮುಂದುವರಿಸಿದರು.